ಹೊಳಪು ಕೊಡದೆ ಬಿಡದವರು

ಡಾಕ್ಟರು ಕೆಲಸ ಶುರುವಾಗುವ ಮೊದಲೇ ಅದು ಮುಗಿಯಿತು ಎನ್ನುವ ಪೈಕಿ. ಕುರ್ಚಿಯಲ್ಲಿ ಒರಗಿದ ರೋಗಿ ಇನ್ನೂ ಬಾಯಿಯನ್ನೇ ತೆರೆದಿರುವುದಿಲ್ಲ, ಇವರು ಆಗಲೇ "ಅಷ್ಟೇ, ಆಗೋಯ್ತು" ಎಂದುಬಿಡುತ್ತಿದ್ದರು; ಆಮೇಲೆ ಅರ್ಧ ಗಂಟೆ ಹಲ್ಲನ್ನು ಕೆರೆದು, ಕೊರೆದು, ತೊಳೆದು, ಉಜ್ಜಿ, ನಡುನಡುವೆ ಅದೇ ಮಾತನ್ನು ಮಂತ್ರದಂತೆ ಜಪಿಸುತ್ತಿದ್ದರು. ಬೀದಿಯವರು ಅವರಿಗೆ 'ಆಗೋಯ್ತು ಡಾಕ್ಟರು' ಎಂದೇ ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ.

ವರ್ಷಾನುಗಟ್ಟಲೆ ಪರರ ಬಾಯಿಯೊಳಗೆ ಇಣುಕಿ ಇಣುಕಿ ಅವರ ದೇಹವೇ ಒಂದು ಕಡೆಗೆ ವಾಲಿಹೋಗಿತ್ತು. ನಡೆಯುವಾಗಲೂ ಎಡಗಿವಿಯನ್ನು ಭುಜದತ್ತ ಬಾಗಿಸಿ, ಗೋಡೆಯಾಚೆ ಯಾರೋ ಪಿಸುಗುಡುತ್ತಿದ್ದಾರೆಂಬಂತೆ ಸಾಗುತ್ತಿದ್ದರು. ಬಿಳಿ ಕೋಟಿನ ಜೇಬಿನಲ್ಲಿ ಸದಾ ಒಂದು ಪುಟ್ಟ ಬಾಯಿಗನ್ನಡಿ. ಅದರಲ್ಲಿ ಬೀಗದ ಒಳಗು, ಕೊಳಾಯಿಯ ಮೂತಿ, ಹೊಲಿಗೆ ಯಂತ್ರದ ಹೊಟ್ಟೆ, ಏನನ್ನು ಬೇಕಾದರೂ ಪರೀಕ್ಷಿಸುವರು. ಎಲ್ಲಾದರೂ ಬಿಳಿ ಕಿಟ್ಟ ಕಂಡರಂತೂ ಕೈ ಸುಮ್ಮನಿರುತ್ತಿರಲಿಲ್ಲ. "ಯಾರ ಮನೆಗೆ ಹೋದ್ರೂ ಇವನು ಮೊದಲು ಕೆಟಲ್ ತಳ ನೋಡ್ತಾನೆ, ಆಮೇಲೆ ಅವರ ಮುಖ" ಎಂದು ಅವರ ಅಕ್ಕ ಛೇಡಿಸುತ್ತಿದ್ದರು.

ಈ ಅಕ್ಕನೇ ಕ್ಲಿನಿಕ್ಕಿನ ಹೊರಕೋಣೆಯ ಅಧಿಪತಿ. ಗಂಡ ತೀರಿಕೊಂಡ ಮೇಲೆ ತಮ್ಮನ ಬಳಿ ಕೆಲಸಕ್ಕೆ ಬಂದವರು, ಗಂಡ ಸಾಕಿದ್ದ ಮೀನಿನ ತೊಟ್ಟಿಯನ್ನೂ ತಂದು ಕಿಟಕಿಯ ಪಕ್ಕ ಇರಿಸಿದ್ದರು. ಅದರಲ್ಲಿ ಐದು ಮರಿಮೀನುಗಳು, ಒಂದು ಮುದಿ ಚಿನ್ನದ ಮೀನು. ಮನೆಗೆ ಇನ್ನೊಬ್ಬ ಯಜಮಾನ ಇರಲಿ ಎಂದು ನಗೆಯಾಡಿ, ಅದಕ್ಕೆ 'ಯಜಮಾನ' ಎಂದು ಹೆಸರಿಟ್ಟವರು ಗಂಡನೇ. ಅಕ್ಕ ಕಂಡೊಡನೆ ಗಾಜಿನ ಬಳಿ ಬರುತ್ತಿದ್ದದ್ದು ಅದೊಂದೇ. ರೋಗಿಗಳಿಲ್ಲದ ಹೊತ್ತಿನಲ್ಲಿ ಅವರು ಅದರೊಡನೆ ಮನೆಯ ಸುದ್ದಿ ಮಾತಾಡುತ್ತಿದ್ದರು. ಡಾಕ್ಟರಿಗೆ ಇದು ಗೊತ್ತಿತ್ತು. ಒಳಕೋಣೆಯ ಬಾಗಿಲನ್ನು ಬೇಕೆಂದೇ ಸದ್ದು ಮಾಡಿ ತೆರೆಯುತ್ತಿದ್ದರು.

ಆ ಊರಿನ ನೀರು ಬಹಳ ಗಡಸು. ತೊಟ್ಟಿಯ ಫಿಲ್ಟರಿನೊಳಗೆ ನೀರೆಳೆಯುವ ಹೆಬ್ಬೆರಳು ಗಾತ್ರದ ಚಕ್ರಕ್ಕೆ ಸುಣ್ಣ ಮೆತ್ತಿಕೊಂಡು, ಅದು ಗರಗರ ಎನ್ನತೊಡಗಿ, ನೀರಿನ ಧಾರೆ ನೂಲಿನಂತಾಗುತ್ತಿತ್ತು. ಅಕ್ಕನ ಕ್ರಮ ಸರಳ: ಚಕ್ರವನ್ನು ವಿನೆಗರ್‌ನಲ್ಲಿ ನೆನೆಹಾಕಿ, ಸುಣ್ಣ ಬಿಟ್ಟುಕೊಂಡ ಮೇಲೆ ಹಳೆಯ ಬ್ರಶ್ಶಿನಿಂದ ತಿಕ್ಕಿ, ಚೆನ್ನಾಗಿ ಜಾಲಾಡಿಸಿ ಮತ್ತೆ ಜೋಡಿಸುವುದು. ಡಾಕ್ಟರಿಗೆ ಇದು ಶುದ್ಧ ಸೋಮಾರಿತನವಾಗಿ ಕಂಡಿತು. "ನೆನೆಸಿಟ್ರೆ ಮೇಲಿಂದು ಹೋಗತ್ತೆ ಅಕ್ಕ, ಸಂದಿಲಿರೋದು? ಕೊಡು ಇಲ್ಲಿ" ಎಂದು ಒಂದು ಬೆಳಿಗ್ಗೆ ಚಕ್ರವನ್ನು ಕಿತ್ತುಕೊಂಡರು. ಕುರ್ಚಿಯ ಮೇಲಿನ ದೀಪ ಹೊತ್ತಿಸಿ, ಮುಖಗವಸು ಕಟ್ಟಿ, ಹಲ್ಲಿನ ಕಿಟ್ಟ ತೆಗೆಯುವ ಕೊಕ್ಕೆಯಿಂದ ಅದರ ಒಂದೊಂದು ಎಸಳನ್ನೂ ಕೆರೆದರು. "ಆಗೋಯ್ತು, ಆಗೋಯ್ತು" ಎಂದು ಚಕ್ರಕ್ಕೂ ಧೈರ್ಯ ಹೇಳಿದರು.

ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲವೂ ನೆಟ್ಟಗಿರುತ್ತಿತ್ತು. ಆದರೆ ಕಿಟ್ಟ ತೆಗೆದ ಹಲ್ಲಿಗೆ ಪೇಸ್ಟು ಹಚ್ಚಿ ಹೊಳಪು ಕೊಡದೆ ಅವರು ಇಂದಿನವರೆಗೆ ಯಾರನ್ನೂ ಕುರ್ಚಿಯಿಂದ ಎಬ್ಬಿಸಿದವರಲ್ಲ. ಕೈ ತನ್ನಷ್ಟಕ್ಕೆ ತಾನೇ ಪುದೀನ ಪರಿಮಳದ ಪೇಸ್ಟಿನ ಬಟ್ಟಲಿಗೆ ಹೋಯಿತು. ಉಜ್ಜಿ, ಹಲ್ಲಿಗೆ ಹಾಯಿಸುವಷ್ಟೇ ನೀರು ಹಾಯಿಸಿ, ಮುತ್ತಿನಂತೆ ಹೊಳೆಯುವ ಚಕ್ರವನ್ನು ಫಿಲ್ಟರಿಗೆ ಸೇರಿಸಿದರು. ಸಂದಿಯಲ್ಲಿ ಉಳಿದ ಪೇಸ್ಟು ಬಾಯಿಗನ್ನಡಿಗೂ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊರಕೋಣೆಯ ತುಂಬ ಪುದೀನ ವಾಸನೆ. ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಜ್ವರ ಬಂದಾಗಲೂ ಕ್ಲಿನಿಕ್ ಮುಚ್ಚದ ಮನುಷ್ಯ, ಕೊರೆಯುತ್ತಿದ್ದ ಹಲ್ಲಿಗೆ ತಾತ್ಕಾಲಿಕವಾಗಿ ಸಿಮೆಂಟು ತುಂಬಿ, ಕಾದಿದ್ದವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ, ಕೋಟಿನ ತೋಳು ಮಡಿಸಿ ನೀರು ಬದಲಿಸಲು ನಿಂತರು. ಅಕ್ಕ ಬಕೆಟ್ ತುಂಬಿ ಕೊಟ್ಟರು, ತಮ್ಮ ಹೊತ್ತರು. ಮರಿಗಳು ಐದೂ ಸಂಜೆಗೆ ಚೇತರಿಸಿಕೊಂಡವು. ಯಜಮಾನ ಮಾತ್ರ ಮಗ್ಗುಲಾಗಿ ತೇಲಿತು, ಮತ್ತೆ ನೆಟ್ಟಗಾಗಲಿಲ್ಲ.

"ನಾನೇ ಸಾಯಿಸ್ದೆ ಅಕ್ಕ" ಎಂದರು ಡಾಕ್ಟರು. ಚಿಕ್ಕಂದಿನಲ್ಲಿ ತಾನು ಒಡೆದ ಲೋಟಕ್ಕೆಲ್ಲ ಪಕ್ಕದ ಮನೆಯ ಬೆಕ್ಕನ್ನು ದೂರುತ್ತಿದ್ದವನ ಬಾಯಲ್ಲಿ ಆ ಮಾತು ಕೇಳಿ ಅಕ್ಕನಿಗೆ ದುಃಖದ ಜೊತೆ ಭಯವೂ ಆಯಿತು. ಕೋಪವೂ ಬಂದಿತ್ತು, ಬಾರದಿರುತ್ತದೆಯೇ? ಗಂಡನನ್ನು ಇನ್ನೊಮ್ಮೆ ಕಳಿಸಿಕೊಟ್ಟಂತಾಗಿತ್ತು. "ಹೌದು, ನೀನೇ" ಎಂದರು. ಸುಳ್ಳು ಸಮಾಧಾನ ಅವರ ಜಾಯಮಾನದಲ್ಲಿರಲಿಲ್ಲ.

ಅಂದಿನಿಂದ ಡಾಕ್ಟರು ತೊಟ್ಟಿಯ ಕಡೆ ತಲೆಯೆತ್ತಿ ನೋಡಲಿಲ್ಲ. ಅಷ್ಟೇ ಆಗಿದ್ದರೆ ಅಕ್ಕ ಸಹಿಸುತ್ತಿದ್ದರು. ಆದರೆ ರೋಗಿಯ ಹಲ್ಲು ಮುಟ್ಟುವಾಗಲೂ ಅವರ ಕೈ ಅಳುಕತೊಡಗಿತು. ಮತ್ತೆ ಮತ್ತೆ ಬಾಯಿ ಮುಕ್ಕಳಿಸಿರೆನ್ನುವರು, ಎದ್ದು ಹೊರಟವರನ್ನು ಪುನಃ ಕೂರಿಸಿ ಕನ್ನಡಿ ಹಿಡಿಯುವರು. 'ಆಗೋಯ್ತು' ಎನ್ನುವುದನ್ನೇ ಬಿಟ್ಟರು; ಆ ಮಾತಿನ ಆಸರೆಯಿಲ್ಲದೆ ಪುಟ್ಟ ಮಕ್ಕಳು ಕುರ್ಚಿಯಲ್ಲಿ ಅಳತೊಡಗಿದರು. ಕೈಗುಣಕ್ಕೆ ಹೆಸರಾದ ಮನುಷ್ಯ ತನ್ನ ಕೈಯನ್ನೇ ನಂಬದಂತಾಗಿದ್ದರು, ಅಕ್ಕ ಅದನ್ನೆಲ್ಲ ಹೊರಗೆ ಕುಳಿತು ಕೇಳುತ್ತಿದ್ದರು.

ಫಿಲ್ಟರು ಮತ್ತೆ ಗರಗರ ಎಂದ ದಿನ ಅಕ್ಕ ವಿನೆಗರ್ ಬಾಟಲಿ ಮುಟ್ಟಲಿಲ್ಲ. ಸುಣ್ಣ ಮೆತ್ತಿದ ಚಕ್ರವನ್ನು ಅಂಗೈಯಲ್ಲಿಟ್ಟುಕೊಂಡು ಒಳಕೋಣೆಗೆ ಹೋದರು.

"ತಗೋ, ಕ್ಲೀನ್ ಮಾಡು."

"ಬೇಡ ಅಕ್ಕ. ನೀನೇ ನೆನೆಹಾಕು."

"ನನಗೆ ಸಂದಿ ಕಾಣಲ್ಲ. ನೀನೇ ಮಾಡು. ಇದನ್ನ ಮಾತ್ರ ನಾನು ತಗೊಂಡ್ಹೋಗ್ತೀನಿ" ಎಂದು ಪೇಸ್ಟಿನ ಬಟ್ಟಲನ್ನು ಎತ್ತಿಕೊಂಡು, ಬಾಗಿಲೆಳೆದು ಹೊರಬಂದರು. ಹೋಗಿ ತೊಟ್ಟಿಯ ಪಕ್ಕ ಕುಳಿತರು. ಆಮೇಲೆ ಕೊಕ್ಕೆ ಕೆರೆಯುವ ಸಣ್ಣ ಸದ್ದು ಶುರುವಾಯಿತು.

ಕೈ ನಿಲ್ಲದ ಜನರೆಲ್ಲ ಹೀಗೆಯೇ. ಅಕ್ಕರೆಯನ್ನು ಆಡಿ ತೋರಿಸಲು ಬಾರದೆ, ತಮ್ಮವರ ಸಾಮಾನುಗಳನ್ನು ತಿಕ್ಕುತ್ತಾರೆ, ಬಿಗಿಯುತ್ತಾರೆ, ಸಾಕೆಂದ ಮೇಲೂ ಒಂದು ಕೈ ಹೆಚ್ಚಾಗಿಯೇ ಉಜ್ಜುತ್ತಾರೆ. ಆ ಹೆಚ್ಚಿನ ಒಂದು ಕೈಯಲ್ಲೇ ಕೆಲವೊಮ್ಮೆ ಎಲ್ಲವನ್ನೂ ಕೆಡಿಸುತ್ತಾರೆ. ಆಗ ಪರವಾಗಿಲ್ಲ ಬಿಡು ಎಂದರೆ ಅವರಿಗೆ ನಾಟುವುದಿಲ್ಲ. ಕೆಡಿಸಿದ ಕೆಲಸವನ್ನೇ ಮತ್ತೆ ಅವರ ಕೈಗೆ ಕೊಡಬೇಕು. ಕೊಟ್ಟು, ನಮ್ಮ ಎದೆ ಎಷ್ಟೇ ಡವಗುಟ್ಟುತ್ತಿದ್ದರೂ, ಹೊರಗೆ ಹೋಗಿ ಕೂರಬೇಕು.