ಯಂತ್ರ ಎಣಿಸದ ಕಣಗಳು

ಬಸ್ಸನ್ನು ಡಿಪೋಗೆ ಸೇರಿಸಿದವನೇ ಚಾಲಕ, ಡ್ಯೂಟಿ ಬಟ್ಟೆಯಲ್ಲೇ ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಓಡಿ ಬಂದಿದ್ದ. ಮಗಳ ಅಪೆಂಡಿಕ್ಸ್ ಊದಿಕೊಂಡಿತ್ತು. ಒಡೆಯುವ ಮೊದಲೇ ತೆಗೆಯಬೇಕು. ಅಷ್ಟರಲ್ಲಿ ರಕ್ತಪರೀಕ್ಷೆಯ ವರದಿ ಬಂದು ಅಡ್ಡಗಾಲು ಹಾಕಿತು.

"ಪ್ಲೇಟ್‌ಲೆಟ್ ತೀರಾ ಕಡಿಮೆ ತೋರಿಸ್ತಿದೆ," ಎಂದರು ಸರ್ಜನ್. "ರಕ್ತ ಹೆಪ್ಪುಗಟ್ಟಿಸೋ ಕಣಗಳು ಅವು. ಈಗ ಕೊಯ್ದರೆ ರಕ್ತ ನಿಲ್ಲೋದು ಕಷ್ಟ. ಆದ್ರೆ ಹುಡುಗಿ ಮೈಮೇಲೆ ಒಂದು ಕಲೆ ಇಲ್ಲ, ಒಸಡಲ್ಲಿ ರಕ್ತ ಇಲ್ಲ. ನಂಗ್ಯಾಕೋ ನಂಬಿಕೆ ಬರ್ತಿಲ್ಲ. ಇನ್ನೊಮ್ಮೆ ನೋಡೋಕೆ ಲ್ಯಾಬಿಗೆ ಹೇಳಿದೀನಿ."

ಅವರ ಮಾತು ಮುಗಿಯುವುದರೊಳಗೆ ಲ್ಯಾಬಿನಾಕೆಯೇ ಬಂದಳು. ಕೈಯಲ್ಲಿ ಗಾಜಿನ ಪಟ್ಟಿ, ಸೂಜಿ. ಸೂಜಿ ಕಂಡದ್ದೇ ತಡ, ಚಾಲಕನ ಪಿತ್ತ ನೆತ್ತಿಗೇರಿತು.

"ಮತ್ತೆ ರಕ್ತನಾ? ನನ್ನ ಮಗಳೇನು ನಲ್ಲಿನಾ ಮೇಡಂ, ಬೇಕಾದಾಗೆಲ್ಲ ತಿರುಗಿಸೋಕೆ?"

"ಬೆರಳಿಂದ ಒಂದೇ ಹನಿ ಅಣ್ಣಾ. ರಕ್ತ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಲ್ಲಿ ಔಷಧಿ ಹಾಕಿರ್ತೀವಿ, ಅದು ತಾಗದೆ ನೇರ ಗಾಜಿನ ಮೇಲೆ ಬೇಕು."

"ಚುಚ್ಚಿಸ್ಕೊಳ್ಳೋದು ನಾನು, ಕಿರುಚೋದು ನೀನು. ಸುಮ್ನಿರಪ್ಪಾ," ಎಂದು ಮಗಳು ಬೆರಳು ಚಾಚಿದಳು.

ಅವಳನ್ನು ತಾಯಿಯ ಬಳಿ ಬಿಟ್ಟು ಚಾಲಕ ಲ್ಯಾಬಿನಾಕೆಯ ಹಿಂದೆಯೇ ಹೋದ. ಹನಿಯನ್ನು ಆಕೆ ಮಂಚದ ಬಳಿಯೇ ಒಂದೇ ಎಳೆತಕ್ಕೆ ಗಾಜಿನುದ್ದಕ್ಕೂ ತೆಳ್ಳಗೆ ಹರಡಿದ್ದಳು. ಈಗ ಒಣಗಿದ ಗಾಜಿಗೆ ಬಣ್ಣ ಹಾಕಿ ನಿಂತಳು.

"ಸ್ವಲ್ಪ ಬೇಗ..."

"ಬಣ್ಣ ಹಿಡಿಯೋಕೆ ಅದರ ಹೊತ್ತು ಬೇಕು. ಅವಸರ ಮಾಡಿದ್ರೆ ಏನೂ ಕಾಣಲ್ಲ."

ಗಾಜು ತೊಳೆದು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಮೊದಲು, ಆಗಲೇ ಮಾಡಿಟ್ಟಿದ್ದ ಟ್ಯೂಬಿನ ರಕ್ತದ ಗಾಜು, ಆಮೇಲೆ ಬೆರಳಿನದು. ಒಂದು ಮೂಲೆಯನ್ನೂ ಬಿಡದೆ, ತುಟಿಯಲ್ಲೇ ಎಣಿಸುತ್ತ ಹೋದಳು. ಕೊನೆಗೆ ಅವಳು ಪಕ್ಕಕ್ಕೆ ಸರಿದು, "ಬನ್ನಿ, ನೀವೇ ನೋಡಿ," ಎಂದಳು.

ಟ್ಯೂಬಿನ ರಕ್ತದಲ್ಲಿ ನೇರಳೆ ಚುಕ್ಕಿಗಳು ಅಲ್ಲಲ್ಲಿ ಮುದ್ದೆಗಟ್ಟಿದ್ದವು. ಬೆರಳಿನ ಹನಿಯಲ್ಲಿ ಎಲ್ಲೆಡೆ ಚೆಲ್ಲಿಕೊಂಡಿದ್ದವು.

"ಅಪರೂಪಕ್ಕೆ ಕೆಲವರ ರಕ್ತಕ್ಕೆ ಟ್ಯೂಬಿನ ಔಷಧಿ ಒಗ್ಗಲ್ಲ. ಕಣಗಳು ಒಂದಕ್ಕೊಂದು ಅಂಟ್ಕೊಂಡುಬಿಡುತ್ತೆ. ಆ ಮುದ್ದೆನ ಯಂತ್ರ ಲೆಕ್ಕಕ್ಕೇ ಹಿಡಿಯಲ್ಲ."

"ಅಂದ್ರೆ ಟ್ಯಾಂಕ್ ತುಂಬಿದೆ, ಮೀಟರಿನ ಮುಳ್ಳು ಮಾತ್ರ ಕೆಳಗಿದೆ!"

"ಹೂಂ. ಆದ್ರೆ ಬಾಯಲ್ಲಿ ಅಂದ್ರೆ ಸಾಲದಲ್ಲ, ಮುಚ್ಚಳ ತೆಗೆದು ನೋಡಬೇಕು," ಎನ್ನುತ್ತಲೇ ಫೋನೆತ್ತಿದಳು. "ಸರ್, ಪ್ಲೇಟ್‌ಲೆಟ್ ಸಾಕಷ್ಟಿದೆ. ಎರಡೂ ಗಾಜು ನೋಡಿದೆ. ನೀವು ಶುರು ಮಾಡಬಹುದು."

ಬಂದವರನ್ನೆಲ್ಲ ಕಾಯಿಸುವ ಬರೀ ಕಿಟಕಿ ಎಂದುಕೊಂಡಿದ್ದ ಈ ಕೋಣೆಯಲ್ಲಿ ಇಷ್ಟು ಗಮನ, ಇಷ್ಟು ತಾಳ್ಮೆ ಸುರಿಯುತ್ತಾರೆಂದು ಚಾಲಕನಿಗೆ ಗೊತ್ತೇ ಇರಲಿಲ್ಲ.

ಆಪರೇಷನ್ ಮುಗಿಸಿ ಬಂದ ಸರ್ಜನ್, "ಇನ್ನೇನು ಒಡೆಯೋದ್ರಲ್ಲಿತ್ತು," ಎಂದರು. ಮಗಳು ಕಣ್ಣು ಬಿಟ್ಟಮೇಲೆ ಚಾಲಕ ಮತ್ತೆ ಲ್ಯಾಬಿಗೆ ಇಳಿದ. ಆಕೆ ಇನ್ಯಾರದೋ ರಕ್ತದ ಮೇಲೆ ಬಗ್ಗಿದ್ದಳು.

"ಹೇಗಿದಾಳೆ ಅಣ್ಣಾ?"

"ಎಚ್ಚರ ಆಯ್ತು. ಆಗ್ಲೇ ನಂಗೆ ಬೈತಿದಾಳೆ. ಮೇಡಂ, ಮುಂಚೆ ನಾನು ಬಾಯಿಗೆ ಬಂದಂಗೆ..."

"ಅದಿರಲಿ. ಇನ್ಮೇಲೆ ಎಲ್ಲೇ ಅವಳ ರಕ್ತ ಪರೀಕ್ಷೆಗೆ ಕೊಟ್ರೂ ಟ್ಯೂಬಿನ ಔಷಧಿ ಒಗ್ಗಲ್ಲ ಅಂತ ಮೊದಲೇ ಹೇಳಿ. ಮರೀಬೇಡಿ," ಎಂದು ಅವಳು ಗಾಜನ್ನು ಕೂದಲೆಳೆಯಷ್ಟು ಸರಿಸಿದಳು.