ಎರಡನೇ ಬ್ರೇಕು

"ಏನೋ ಸುಟ್ಟ ವಾಸನೆ ಬರ್ತಿದೆ ಕಣೇ," ಎಂದರು ಹಿಂದಿನ ಸೀಟಿನಿಂದ ಅತ್ತೆ.

"ಯಾವುದಾದ್ರೂ ಲಾರಿದಿರಬೇಕು ಅತ್ತೆ," ಎಂದಳು ಸೊಸೆ, ರಸ್ತೆಯಿಂದ ಕಣ್ಣು ತೆಗೆಯದೆ.

ಲಾರಿಯೇನೂ ಇರಲಿಲ್ಲ. ಎಡಕ್ಕೆ ಬಂಡೆ, ಬಲಕ್ಕೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಕಣಿವೆ, ತಳದಲ್ಲಿ ಬಿಸಿಲಿಗೆ ಹೊಳೆಯುವ ಸರೋವರ. ಜನ ಎಲ್ಲೆಲ್ಲಿಂದಲೋ ಬಂದು ನೋಡಿಹೋಗುವ ನೋಟ ಅದು. ಅವಳು ಮಾತ್ರ ಅತ್ತ ತಿರುಗಿಯೂ ನೋಡಿರಲಿಲ್ಲ. ಉಳಿದಿಬ್ಬರಿಗೆ ಪ್ರವಾಸವಾದರೆ ಅವಳಿಗೆ ಪರೀಕ್ಷೆ.

ಪರೀಕ್ಷಿಸುವವನು ಪಕ್ಕದಲ್ಲಿ ಕೂತಿದ್ದ ಗಂಡ. ಡ್ರೈವಿಂಗ್ ಸ್ಕೂಲ್ ನಡೆಸುವವನಾದ್ದರಿಂದ ಊರಿಗೆಲ್ಲ ಮೇಷ್ಟ್ರು. ಕಾರೂ ಸ್ಕೂಲಿನದೇ, ಕಲಿಯುವವರು ಎಡವಟ್ಟು ಮಾಡಿದರೆ ತುಳಿಯಲೆಂದು ಅವನ ಕಾಲಡಿಯಲ್ಲೂ ಒಂದು ಬ್ರೇಕ್ ಪೆಡಲ್ಲು. ಹೆಂಗಸರಿಗೇ ಒಂದು ಬ್ಯಾಚು ಮಾಡೋಣ, ನಾನೇ ಕಲಿಸುತ್ತೇನೆ ಎಂದು ಅವಳು ಅಂಗಲಾಚುತ್ತಲೇ ಬಂದಿದ್ದಳು. ಕೊನೆಗೆ ಮೇಷ್ಟ್ರು, "ಬೆಟ್ಟ ಹತ್ತಿಸಿ ಇಳಿಸು. ನಾನು ಬಾಯಿ ಹಾಕಲ್ಲ. ನೆಟ್ಟಗೆ ಇಳಿಸಿದ್ರೆ ಬ್ಯಾಚು ನಿಂದೇ," ಎಂದಿದ್ದ. ಬಾಯಿ ಹಾಕಿರಲಿಲ್ಲ, ನಿಜ.

ಹತ್ತುವಾಗ ಗಾಡಿ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹತ್ತಿತ್ತು. ಇಳಿಯುವಾಗ ಮಾತ್ರ ಯಾರೋ ಹಿಂದಿನಿಂದ ಸೆರಗು ಹಿಡಿದೆಳೆದಂತೆ ಅನಿಸುತ್ತಿತ್ತು. ಎರಡನೇ ಗೇರಿನ ಹಿಡಿತವಿರಬೇಕೆಂದುಕೊಂಡಳು.

ತಿರುವು ಬಂತು. ಅವಳು ಬ್ರೇಕ್ ಒತ್ತಿದಳು. ಪೆಡಲ್ಲು ಕೆಸರಿಗೆ ಕಾಲಿಟ್ಟಂತೆ ಮೆತ್ತಗೆ ತಳಕ್ಕೆ ಹೋಗಿಬಿಟ್ಟಿತು.

"ರೀ, ಬ್ರೇಕ್ ಹಿಡೀತಿಲ್ಲ!"

"ಬಿಟ್ಟು ಬಿಟ್ಟು ಒತ್ತು!" ಮೇಷ್ಟ್ರೂ ತನ್ನ ಕಡೆಯದನ್ನು ತುಳಿದ. ಅದೂ ತಳಕ್ಕೇ ಹೋಯಿತು. ಅವನ ಕೈ ಹ್ಯಾಂಡ್‌ಬ್ರೇಕಿಗೆ ಬಂತು. ಒಮ್ಮೆಲೇ ಎಳೆದರೆ ಗಾಡಿ ಗಿರಕಿ ಹೊಡೆಯುತ್ತದೆಂದು ಊರಿಗೆಲ್ಲ ಪಾಠ ಹೇಳಿದವನೇ ಅವನು. ಅವಳು ಆ ಕೈಯನ್ನು ಫಟ್ಟನೆ ಹೊಡೆದು ತಳ್ಳಿದಳು. ಮೊದಲನೇ ಗೇರು ಹಾಕಿದಳು, ಇಂಜಿನ್ನು ಕಿರುಚಿತು. ಹ್ಯಾಂಡ್‌ಬ್ರೇಕನ್ನು ತಾನೇ ಇಷ್ಟಿಷ್ಟೇ ಎಳೆಯುತ್ತ, ಬಂಡೆಗೆ ಒತ್ತಿಕೊಂಡೇ ತಿರುವು ದಾಟಿಸಿದಳು. ಎಡಗನ್ನಡಿ ಬಂಡೆಗೆ ತಗುಲಿ ಹಾರಿಹೋಯಿತು. ರಸ್ತೆ ರಿಪೇರಿಗೆ ಸುರಿದಿದ್ದ ಜಲ್ಲಿರಾಶಿಗೆ ಮೂತಿ ತೂರಿಸಿ ಗಾಡಿ ನಿಂತಿತು.

"ಬದುಕಿದೀವೇನ್ರೋ?" ಎಂದರು ಅತ್ತೆ.

"ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿಸಿದೀಯ," ಎಂದ ಮೇಷ್ಟ್ರು. "ಕಾದು ಕೆಂಡ ಆಗಿದೆ. ಎಷ್ಟು ಸಲ ಬಡ್ಕೊಂಡಿದೀನಿ!"

"ತಿರುವಲ್ಲಿ ಬಿಟ್ರೆ ನಾನು ಮುಟ್ಟೇ ಇಲ್ಲ."

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಇನ್ನು ಆ ಬ್ಯಾಚಿನ ಮಾತೆತ್ತಬೇಡ."

ಅವಳಿಗೆ ತನ್ನ ಕಾಲಿನ ಮೇಲೆ ತನಗೇ ಅನುಮಾನ ಹುಟ್ಟಿತು. ಗೊತ್ತಿಲ್ಲದೆ ಒತ್ತಿಬಿಟ್ಟೆನೇ? ಅತ್ತೆಯನ್ನೂ ಕೂರಿಸಿಕೊಂಡು?

ಚಕ್ರಗಳ ಹೊಗೆ ನಿಂತು, ಮುಟ್ಟುವಷ್ಟು ಆರುವವರೆಗೆ ಮೂವರೂ ಕಟ್ಟೆಯ ಮೇಲೆ ಕೂತರು. ಯಾರೂ ಸರೋವರ ನೋಡಲಿಲ್ಲ. ಆಮೇಲೆ ಮೇಷ್ಟ್ರು ಪೆಡಲ್ಲು ಒತ್ತಿ ನೋಡಿದ. ಗಟ್ಟಿಯಾಗಿತ್ತು.

"ಜಲ್ಲಿಯಿಂದ ಹಿಂದಕ್ಕೆ ತೆಗಿ. ಮುಂದೆ ನಾನು ಓಡಿಸ್ತೀನಿ," ಎಂದು, ಅವಳೊಬ್ಬಳನ್ನೇ ಬಿಡಲು ಧೈರ್ಯವಾಗದೆ ತಾನೂ ಪಕ್ಕದಲ್ಲಿ ಬಂದು ಕೂತ.

ಅವಳು ರಿವರ್ಸ್ ಹಾಕಿದಳು. ಗಾಡಿ ಕದಲಿತು, ಮತ್ತದೇ ಸೆರಗು ಹಿಡಿದೆಳೆದಂತೆ. ತನ್ನ ಕಾಲನ್ನು ನೋಡಿಕೊಂಡಳು. ಬ್ರೇಕಿನ ಮೇಲೆ ಅದಿರಲಿಲ್ಲ. ಆದರೂ ಪೆಡಲ್ಲು ತಾನಾಗಿಯೇ ಬೆರಳಷ್ಟು ಕೆಳಗಿಳಿದಿತ್ತು.

ಅವಳು ಗಾಡಿ ನಿಲ್ಲಿಸಿ ಆ ಕಡೆ ನೋಡಿದಳು. ಮೇಷ್ಟ್ರ ಬಲಗಾಲು, ಮನೆಯಲ್ಲಿ ಸ್ಟೂಲಿನ ಮೇಲೆ ಚಾಚಿದಷ್ಟು ಆರಾಮಾಗಿ, ಅವಳದಕ್ಕೇ ಜೋಡಿಸಿದ್ದ ಎರಡನೇ ಪೆಡಲ್ಲಿನ ಮೇಲಿತ್ತು. ಅವಳ ನೋಟ ಹಿಡಿದು ಅವನೂ ಬಗ್ಗಿ ನೋಡಿದ. ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

"ನಂಗೆ... ಗೊತ್ತೇ ಆಗಿಲ್ಲ."

ಅವಳ ಮೈಯೆಲ್ಲ ಉರಿಯಿತು. ಬೈಗುಳ ನಾಲಿಗೆಯ ತುದಿಗೆ ಬಂದು ನಿಂತಿತು. ಅವನ ಮುಖ ನೋಡಿ ನುಂಗಿಕೊಂಡಳು.

"ಬಾಯಿ ಹಾಕಲ್ಲ ಅಂದೋನು ಕಾಲು ಹಾಕ್ದೇನೋ?" ಎಂದರು ಕಿಟಕಿಗೆ ಬಗ್ಗಿದ ಅತ್ತೆ.

ಮೇಷ್ಟ್ರು ಇಳಿದು ಸುತ್ತಿಕೊಂಡು ಬಂದು, ಸ್ಟೀರಿಂಗಿನ ಕಡೆಯ ಬಾಗಿಲಲ್ಲಿ ನಿಂತ. ಅವಳು ಏಳಲಿಲ್ಲ.

"ನೀವು ಹಿಂದೆ ಕೂತ್ಕೊಳ್ಳಿ."

ಅವನು ತಾಯಿಯ ಮುಖ ನೋಡಿದ. ಅಷ್ಟರಲ್ಲಿ ಅತ್ತೆ ಮುಂದಿನ ಸೀಟಿಗೆ ಬಂದು, ಚಪ್ಪಲಿ ಕಳಚಿ, ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು.

ಮೊದಲನೇ ಗೇರಿನಲ್ಲಿ ಗಾಡಿ ಇಳಿಯತೊಡಗಿತು. ತಿರುವು ಬಂದಾಗ ಹಿಂದಿನ ಸೀಟಿನಲ್ಲಿ ಒಂದು ಬೂಟು ನೆಲವನ್ನು ಬಲವಾಗಿ ಒತ್ತಿದ ಸದ್ದಾಯಿತು. ಗಾಡಿ ತನ್ನ ಪಾಡಿಗೆ ತಿರುವು ದಾಟಿತು.