ಕೊನೆಯ ಎಲೆಗೊಂದು ಹೆಸರು

ಹಿರಿಯರ ಹಬ್ಬದ ದಿನ ಶಿವಮೊಗ್ಗದ ರವೀಂದ್ರನಗರದ ಆ ಮನೆಯ ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಕುತ್ತಾರೆ. ತೀರಿಹೋದವರಿಗೆ ಒಬ್ಬೊಬ್ಬರಿಗೂ ಒಂದೊಂದು ಎಲೆ, ಅವರವರಿಗೆ ಇಷ್ಟವಾದ ಅಡುಗೆ. ತಾತನ ಎಲೆಯ ಪಕ್ಕ ಒಂದು ಕಟ್ಟು ಬೀಡಿಯೂ ಇರುತ್ತದೆ. ಎಲೆಯ ಮುಂದೆ ನೀರು ಬಿಟ್ಟು, ಹೆಸರು ಹಿಡಿದು ಕರೆದು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಣ್ಣಲಿ ಎಂದು.

ಕೊನೆಯ ಎಲೆ ದುರ್ಗಮ್ಮಜ್ಜಿಯ ತಾಯಿಯದು. ಆ ಎಲೆಯ ಮುಂದೆ ಮಾತ್ರ ಅಜ್ಜಿ ನೀರು ಬಿಟ್ಟು ಸುಮ್ಮನಾಗುತ್ತಿದ್ದಳು. ಕರೆಯಲು ಅವಳಿಗೆ ಹೆಸರು ಗೊತ್ತಿರಲಿಲ್ಲ. ಅವಳು ಹಸುಗೂಸಾಗಿದ್ದಾಗಲೇ ತಾಯಿ ತೀರಿಹೋಗಿದ್ದಳು. ಅಪ್ಪ ಇನ್ನೊಂದು ಮದುವೆಯಾದ. ಮಲತಾಯಿಯ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ.

ಮೊಮ್ಮಗಳು ಗಗನಾ ಆ ಮೌನವನ್ನು ನೋಡುತ್ತಲೇ ಬೆಳೆದವಳು. ಈ ವರ್ಷ ಹಬ್ಬಕ್ಕೆ ಮುಂಚೆ ಅಜ್ಜಿ ಜ್ವರ ಹಿಡಿದು ಮಲಗಿ ಎದ್ದಳು.

"ನಾನೂ ಆ ಸಾಲಿಗೆ ಹೋಗೋ ಹೊತ್ತಾಯ್ತು," ಎಂದಳು. "ಅಲ್ಲಿ ನಮ್ಮವ್ವ ಎದುರು ಸಿಕ್ಕಿದ್ರೆ ಏನಂತ ಮಾತಾಡ್ಸಲಿ? ಇಷ್ಟು ವರ್ಷ ಹೆಸರಿಲ್ದೆ ಅನ್ನ ಇಟ್ಟೆ. ಕರೀದೆ ಇದ್ದ ಮನೆಗೆ ಯಾರು ಬಂದು ಉಣ್ತಾರೆ?"

ಗಗನಾ ಮೊದಲು ಫೋನಿನಲ್ಲಿ ಹುಡುಕಿದಳು. ವಂಶವೃಕ್ಷ ಮಾಡಿಕೊಡುವ ವೆಬ್‌ಸೈಟು ಎರಡನೇ ಪುಟಕ್ಕೇ ಕಾರ್ಡ್ ನಂಬರ್ ಕೇಳಿತು. ಎಂಜಲಿನ ಡಿಎನ್‌ಎ ಪರೀಕ್ಷೆ ಮಾಡಿ ವಂಶದ ಮೂಲ ಹೇಳುವ ಕಂಪನಿಯ ದರ ನೋಡಿದ ಅಪ್ಪ ಜಯಪ್ಪ, "ಅಷ್ಟು ದುಡ್ಡಿಗೆ ಬೀದಿಗೆಲ್ಲ ಊಟ ಹಾಕಬಹುದು ಮಾರಾಯ್ತಿ. ಕೊನೆಗೆ ಅವರೂ ಹೆಸರು ಹೇಳಲ್ಲ," ಎಂದರು.

ಖರ್ಚಿಲ್ಲದ ದಾರಿ ಒಂದೇ ಉಳಿದಿತ್ತು: ಅಜ್ಜಿಯ ಪಕ್ಕ ಕೂರುವುದು, ಅವಳು ಸುಮ್ಮನಾದಾಗ ತಾನೂ ಸುಮ್ಮನಿದ್ದು ಕಾಯುವುದು. ಒಂದು ಸಂಜೆ ದೋಸೆ ಹೊಯ್ಯುತ್ತಿದ್ದ ಅಜ್ಜಿ ತಾನಾಗಿಯೇ ಹೇಳಿದಳು.

"ಈ ಕಾವಲಿ ಕೊಟ್ಟಿದ್ದು ನಮ್ಮ ಕೆಂಚಪ್ಪ ಮಾವ. ಅವ್ವನ ಅಣ್ಣ. ಭದ್ರಾವತಿ ಕಬ್ಬಿಣದ ಫ್ಯಾಕ್ಟರೀಲಿ ಇದ್ದ. ನನ್ನ ಮದ್ವೆ ದಿನ ಬಾಗಿಲ ಹೊರಗೇ ನಿಂತು ಕೊಟ್ಟು ಹೋದ."

ಅಷ್ಟು ಸಾಕಾಯಿತು. ಗಗನಾಳ ಗೆಳತಿ ಸಂಧ್ಯಾಳ ಮನೆ ಭದ್ರಾವತಿಯ ಹಳೇನಗರದಲ್ಲಿತ್ತು. ಅವಳ ಅಪ್ಪನೂ ಅದೇ ಕಾರ್ಖಾನೆಯಿಂದ ನಿವೃತ್ತರಾದವರು. ಅವರು ಹಳೆಯ ಜೊತೆಗಾರರಿಗೆ ಫೋನು ಮಾಡಿ ಮನೆ ಪತ್ತೆ ಹಚ್ಚಿದರು. ಕೆಂಚಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಸೊಸೆ ಕಾಳಮ್ಮ ಇದ್ದಳು. ಗಗನಾ ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ ಹೊರಟಳು. ಟಿಕೆಟ್ಟಿಗೂ ದುಡ್ಡು ಬೇಕಾಗಲಿಲ್ಲ.

ಕಾಳಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. "ದುರ್ಗಿ ಮೊಮ್ಮಗಳಾ? ಈಗ ನೆನಪಾದ್ವಾ ನಾವು?" ಎಂದು ಚುಚ್ಚಿದಳು. ಆದರೂ ಚಾಪೆ ಹಾಸಿದಳು.

"ಅಜ್ಜಿ, ಕೆಂಚಪ್ಪನವರ ತಂಗಿ ಹೆಸರು ಏನು?"

ಕಾಳಮ್ಮ ಸೊಪ್ಪಿನ ಕಡೆ ಬಗ್ಗಿದಳು.

"ಮನೇಲಿ ಯಾರಾದ್ರೂ ಹೇಳಿದ್ದು ಕೇಳಿರ್ತೀರಲ್ಲ?"

"ಕಾಫಿ ಆರುತ್ತೆ. ಕುಡಿ."

ಈ ಮೌನ ಗಗನಾಳಿಗೆ ಗುರುತಿನದು. ಕೊನೆಯ ಎಲೆಯ ಮುಂದೆ ಇರುತ್ತಿದ್ದುದೂ ಇದೇ. ಅವಳು ಲೋಟ ಕೆಳಗಿಟ್ಟು ಎದ್ದಳು. "ಗೊತ್ತಿಲ್ದಿದ್ರೆ ಪರವಾಗಿಲ್ಲ ಅಜ್ಜಿ. ಬರ್ತೀನಿ."

"ಗೊತ್ತಿಲ್ಲ ಅಂತ ಯಾರು ಹೇಳಿದ್ರು?" ಕಾಳಮ್ಮ ತಲೆಯೆತ್ತಿದಳು. "ನಮ್ಮನೆಯೋರಿಗೆ ಸೋದರತ್ತೆ ಆಗ್ಬೇಕು ಅವ್ರು. ಅತ್ತೆ ಹೆಸ್ರು ಸೊಸೆ ಬಾಯಲ್ಲಿ ಬರುತ್ತಾ? ಗಂಡನ್ನೇ ಹೆಸರಿಡಿದು ಕೂಗೋ ಕಾಲದೋರು ನೀವು, ನಿಮಗೇನು ಗೊತ್ತು." ಒಳಗೆ ತಿರುಗಿ ಕೂಗಿದಳು. "ಅವ್ವಯ್ಯಾ, ಬಾ ಇಲ್ಲಿ."

ತಲೆ ನರೆಯತೊಡಗಿದ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತಾ ಬಂದಳು. ಕಾಳಮ್ಮನ ಮಗಳು.

"ಈ ಹುಡುಗಿಗೆ ನಿನ್ನ ಹೆಸ್ರು ಹೇಳು."

"ಏನಮ್ಮಾ ಇದು? ಅವ್ವಯ್ಯ."

"ಅದಲ್ಲ ಕಣೇ. ರೇಷನ್ ಕಾರ್ಡಿಂದು."

"ಹಾಲಮ್ಮ."

"ಕೇಳ್ತಾ?" ಎಂದಳು ಕಾಳಮ್ಮ. "ನಮ್ಮ ಮಾವನೋರು ತಂಗಿ ಹೆಸ್ರು ಉಳೀಲಿ ಅಂತ ನನ್ನ ಮಗಳಿಗೆ ಇಟ್ರು. ಅದನ್ನ ಹಿಡಿದು ನಾನು ಕರೆಯೋಕಾಗುತ್ತಾ, ಬಯ್ಯೋಕಾಗುತ್ತಾ? ಹುಟ್ಟಿದಾಗಿಂದ ಅವ್ವಯ್ಯ ಅಂತಲೇ."

ಗಗನಾ ಮತ್ತೆ ಚಾಪೆಯ ಮೇಲೆ ಕೂತಳು. ಖಾಲಿ ಎಂದುಕೊಂಡು ಎದ್ದುಹೋಗಲಿದ್ದ ಮೌನ ಅದು. ಅದರೊಳಗೆ ಒಂದು ಹೆಸರನ್ನು ಇಷ್ಟು ಕಾಲ ಜೋಪಾನ ಮಾಡಿದ್ದರು.

ಹಬ್ಬದ ಅಮಾವಾಸ್ಯೆಯ ದಿನ ಅವ್ವಯ್ಯ ಶಿವಮೊಗ್ಗಕ್ಕೆ ಬಂದಳು. ಕೈಯಲ್ಲಿ ಒಂದು ಡಬ್ಬಿ. "ಕೆಸುವಿನ ಸೊಪ್ಪಿಂದು. ಆಯಮ್ಮಂಗೆ ಇಷ್ಟ ಅಂತ ನಮ್ಮ ತಾತ ಹೇಳ್ತಿತ್ತಂತೆ." ಅದನ್ನು ಕೊನೆಯ ಎಲೆಗೆ ಬಡಿಸಿದರು. ದುರ್ಗಮ್ಮಜ್ಜಿ ಕೂತು ನೀರು ಬಿಟ್ಟಳು. ತುಟಿ ಒಮ್ಮೆ ಅಲುಗಿ ನಿಂತಿತು. ಯಾರೂ ಅವಸರ ಮಾಡಲಿಲ್ಲ.

"ಹಾಲಮ್ಮ," ಎಂದಳು ಕೊನೆಗೆ. ಮತ್ತೆ ಸ್ವಲ್ಪ ಗಟ್ಟಿಯಾಗಿ, "ಹಾಲಮ್ಮ. ಬಾ ಅವ್ವ, ಉಣ್ಣು ಬಾ."

ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಪ್ರತಿ ವರ್ಷದಷ್ಟು ಹೊತ್ತು ಕಳೆದ ಮೇಲೆ ಜಯಪ್ಪ ಚಿಲಕಕ್ಕೆ ಕೈ ಹಾಕಿದರು.

"ತಡಿಯಪ್ಪ," ಎಂದಳು ಅಜ್ಜಿ. ಅವಳು ಮೆಟ್ಟಿಲ ಮೇಲೆ ಅವ್ವಯ್ಯನ ಪಕ್ಕ ಆರಾಮವಾಗಿ ಕೂತಿದ್ದಳು. "ನಮ್ಮವ್ವ ಇವತ್ತೇ ಮೊದ್ಲು ಬಂದಿರೋದು. ನಿಧಾನಕ್ಕೆ ಉಣ್ಲಿ."